ಪಂಚರಿಗೆ ಬಾರದ ವಾಸನೆ

ನನ್ನ ಗಂಡ ಬಸ್ಸು ನಡೆಸುತ್ತಿದ್ದರು. ಶಿರಸಿಯಿಂದ ಸಿದ್ದಾಪುರ, ಅಲ್ಲಿಂದ ಮುಂದೆ ತಾಳಗುಪ್ಪ. ತಾಳಗುಪ್ಪದಲ್ಲಿ ರೈಲಿಗೆ ಹೋಗುವವರನ್ನು ಇಳಿಸಿ, ರೈಲಿನಿಂದ ಬಂದವರನ್ನು ಹತ್ತಿಸಿಕೊಂಡು ಮತ್ತೆ ಅದೇ ದಾರಿ. ನಮ್ಮ ಕಡೆ ರೈಲಿಲ್ಲ, ಹಾಗಾಗಿ ಹೊರಗಿನಿಂದ ಬರುವ ಅಳಿಯಂದಿರು, ಟಪಾಲು, ಔಷಧಿ, ಕನ್ನಡಕ ಎಲ್ಲವೂ ಆ ಬಸ್ಸಿನಲ್ಲೇ ಬರಬೇಕಿತ್ತು. ದಾರಿಯಲ್ಲಿ ಯಾವ ಮುದುಕಿ ಕೈ ತೋರಿಸಿದರೂ ಇವರು ನಿಲ್ಲಿಸುತ್ತಿದ್ದರು. ಶಿರಸಿಯಿಂದ ಯಾರ ಮನೆಗೆ ಯಾವ ಕಷಾಯದ ಪುಡಿ ತರಬೇಕು ಎಂಬುದು ಅವರಿಗೆ ಬಾಯಿಪಾಠ. ಊರಿಗೆ ಊರೇ ಅವರನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು. ನನಗೂ ಅವರೆಂದರೆ ಜೀವ. ಕೊನೆಗೆ ಅವರನ್ನು ಹಾಳು ಮಾಡಿದ್ದು ಈ ಪ್ರೀತಿಯೇ ಎಂದು ಈಗ ಹೇಳಿದರೆ ನನ್ನ ಮಕ್ಕಳೇ ಮೂಗು ಮುರಿಯುತ್ತಾರೆ.

ನಾನು ಬನವಾಸಿಯ ಕಡೆಯವಳು. ಮದುವೆಯಾಗಿ ಸಿದ್ದಾಪುರಕ್ಕೆ ಬಂದ ಮೇಲೆ ಕೋಲಸಿರ್ಸಿಗೆ ದಿನಾ ಹೋಗಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಹಾಗಾಗಿ ಎಲ್ಲರಿಗೂ ನಾನು ಅಕ್ಕೋರು. ದೊಡ್ಡ ದನಿ, ಮೂಗಿನ ತುದಿಯಲ್ಲಿ ಸಿಟ್ಟು. ಮಕ್ಕಳು ಹೆದರುತ್ತಿದ್ದರು. ಗಂಡ ಮಾತ್ರ ಹೆದರುತ್ತಿರಲಿಲ್ಲ.

ರಾಜ್ಯ ಒಂದಾದ ವರ್ಷ ಸಿದ್ದಾಪುರದ ಪೇಟೆಯಲ್ಲಿ ಪೇಢೆ ಹಂಚಿದರು. ಮುಂಬೈ ರಾಜ್ಯದವರಾಗಿದ್ದ ನಾವು ರಾತ್ರಿ ಬೆಳಗಾಗುವುದರೊಳಗೆ ಮೈಸೂರು ರಾಜ್ಯದವರಾದೆವು. ಆದರೆ ಕಾನೂನು ಒಂದಾಗಲಿಲ್ಲ. ಮುಂಬೈ ಸರಕಾರ ನಮ್ಮ ಜಿಲ್ಲೆಗೆ ಹಾಕಿದ್ದ ಪಾನನಿರೋಧ ಹಾಗೆಯೇ ಉಳಿಯಿತು. ಜನ ಅದನ್ನು ದಾರೂಬಂದಿ ಎನ್ನುತ್ತಿದ್ದರು. ತಾಲೂಕಿನ ಗಡಿ ದಾಟಿ ಹಳೆಯ ಮೈಸೂರಿಗೆ ಸೇರಿದ ತಾಳಗುಪ್ಪದ ಕಡೆ ಹೋದರೆ ಸಾರಾಯಿ ಅಂಗಡಿ ರಾಜಾರೋಷವಾಗಿ ಬಾಗಿಲು ತೆರೆದುಕೊಂಡಿರುತ್ತಿತ್ತು. ಅಲ್ಲಿ ಕುಡಿದವನು ಗಿರಾಕಿ. ಅವನೇ ಅದೇ ಹೊಟ್ಟೆ ಹೊತ್ತುಕೊಂಡು ಗಡಿಯ ಈಚೆ ಬಂದರೆ ಅಪರಾಧಿ. ಇದನ್ನು ನೆನೆಸಿಕೊಂಡು ನಗದವರೇ ಇರಲಿಲ್ಲ. ನಾನೂ ನಕ್ಕಿದ್ದೇನೆ.

ರೈಲು ಹೊತ್ತಿಗೆ ಸರಿಯಾಗಿ ಬಂದ ದಿನ ನಮ್ಮವರು ಚೆನ್ನಾಗಿಯೇ ಬರುತ್ತಿದ್ದರು. ರೈಲು ತಡವಾದರೆ ಕಾಯಬೇಕು, ಕಾಯುವವರಿಗೆ ಆ ಅಂಗಡಿ ಹತ್ತಿರ. ಹೀಗಾಗಿ ಬಸ್ಸು ಬರುವುದು ತಡವಾದಷ್ಟೂ ನಾನು ಒಳಗೂ ಜಗುಲಿಗೂ ಓಡಾಡುತ್ತಿದ್ದೆ. ಮನೆಗೆ ಬಂದ ಮೇಲೆ ಕೇಳಿದರೆ ಎರಡೂ ಕೈ ಮುಂದೆ ಚಾಚಿ ನಿಲ್ಲುತ್ತಿದ್ದರು.

“ಈಟ ಈಟ ತಗೊಂಡೇನಿ. ಕೈ ನೋಡು, ನಡಗತಾವೇನು?”

ನಡುಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕುಡಿಯದ ದಿನವೇ ಸ್ವಲ್ಪ ನಡುಗುತ್ತಿದ್ದವು.

ಬಸ್ಸಿನ ಕಂಡಕ್ಟರು ಶಿರಸಿಯ ಒಬ್ಬ ಸಾಹೇಬರು. ನಮ್ಮವರಿಗಿಂತ ವಯಸ್ಸಿನಲ್ಲಿ ಹಿರಿಯರು, ಗಡ್ಡ ಆಗಲೇ ಅರ್ಧ ಬೆಳ್ಳಗಾಗಿತ್ತು. ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಕುಡಿದವರ ಪಕ್ಕ ಕೂತು ಊಟ ಮಾಡುತ್ತಲೂ ಇರಲಿಲ್ಲ, ನಮ್ಮವರೊಬ್ಬರನ್ನು ಬಿಟ್ಟು. ಡ್ರೈವರಿಗೂ ಕಂಡಕ್ಟರಿಗೂ ನಡುವೆ ಮಾತೆಲ್ಲ ಕೈಯಲ್ಲೇ. ಬಸ್ಸಿನ ತಗಡನ್ನು ಒಮ್ಮೆ ತಟ್ಟಿದರೆ ನಿಲ್ಲಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು. ಬಸ್ಸನ್ನು ಹಿಂದಕ್ಕೆ ಸರಿಸುವಾಗ ಮಾತ್ರ ಸಾಹೇಬರು ಹಿಂದುಗಡೆ ನಿಂತು ಮೆಲ್ಲಗೆ ತಟ್ಟುತ್ತಲೇ ಇರುತ್ತಿದ್ದರು. ಆ ಸದ್ದು ಇರುವವರೆಗೂ ಬರಬಹುದು. ಸದ್ದು ನಿಂತು ಒಂದೇ ಒಂದು ಏಟು ಜೋರಾಗಿ ಬಿದ್ದರೆ ಬ್ರೇಕು. ನಮ್ಮವರು ಹೇಳುತ್ತಿದ್ದರು, ಸಾಹೇಬರ ಕೈ ಇದ್ದರೆ ತನಗೆ ಕನ್ನಡಿಯೇ ಬೇಡ ಎಂದು.

ತಾಳಗುಪ್ಪದಲ್ಲಿ ಇವರ ಕಣ್ಣು ಕೆಂಪಾಗಿ ಕಂಡರೆ ಸಾಹೇಬರು ಪ್ಯಾಸೆಂಜರುಗಳಿಗೆ, “ಎಂಜಿನ್ ಬಿಸಿ ಆಗ್ಯದೆ, ಆರ್ಬೇಕು, ಸ್ವಲ್ಪ ಕೂತ್ಕಳಿ” ಎನ್ನುತ್ತಿದ್ದರು. ಯಾವ ಎಂಜಿನ್ನು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಇವರಿಗೆ ಮಜ್ಜಿಗೆ ಕುಡಿಸಿ, ತಲೆಗೆ ನೀರು ತಟ್ಟಿ, ಬಾಯಿಗೆ ಎಲೆಯಡಿಕೆಯ ಕವಳ ತುರುಕಿ ಸೀಟಿನಲ್ಲಿ ಕೂರಿಸುವವರೆಗೆ ಜನ ಕವಳ ಹಾಕುತ್ತ, ಹರಟುತ್ತ ಕಾಯುತ್ತಿದ್ದರು. ಯಾರೂ ಬೈಯಲಿಲ್ಲ, ಯಾರೂ ಬಸ್ಸಿನಿಂದ ಇಳಿದು ಹೋಗಲಿಲ್ಲ. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಂದಿರೂ ಇರುತ್ತಿದ್ದರು. ಇದನ್ನೆಲ್ಲ ಒಬ್ಬ ಹೆಂಗಸು ನಮ್ಮ ಜಗುಲಿಯ ಮೇಲೆ ಕೂತು ತಮಾಷೆಯಾಗಿ ಹೇಳಿದಾಗ ನನ್ನ ಮೈ ಉರಿದುಹೋಯಿತು. ಅವಳಿಗೆ ಚಹಾ ಕೊಡದೆ ಕಳಿಸಿದೆ.

ಒಂದು ಬೇಸಿಗೆಯ ಮಧ್ಯಾಹ್ನ ಬಸ್ಸು ಸಿದ್ದಾಪುರದ ಹೊರಗೆ ಎದುರಿಗೆ ಬಂದ ಎತ್ತಿನ ಗಾಡಿಯನ್ನು ಸವರಿ ಚರಂಡಿಗೆ ಇಳಿಯಿತು. ಗಾಡಿಯ ಗಾಲಿ ಮುರಿಯಿತು, ಎತ್ತುಗಳು ಬೆದರಿ ಗದ್ದೆಗೆ ಓಡಿದವು. ಮನುಷ್ಯರಿಗೆ ಏನೂ ಆಗಲಿಲ್ಲ. ಅವತ್ತೇ ಅದೇ ದಾರಿಯಲ್ಲಿ ಪೊಲೀಸ್ ಫೌಜದಾರರು ಸೈಕಲ್ಲಿನ ಮೇಲೆ ಬರುತ್ತಿದ್ದರು. ಅವರು ಊರಿಗೆ ಹೊಸಬರು, ಆದ್ದರಿಂದ ನಮ್ಮವರನ್ನು ಹಿಡಿದು ಪೇಟೆಗೆ ತಂದರು.

ದಾರೂಬಂದಿಯ ಕೇಸಿಗೆ ಪಂಚರು ಬೇಕು. ಊರಿನ ಇಬ್ಬರು ಮರ್ಯಾದಸ್ಥರನ್ನು ಕರೆದು, ಆಪಾದಿತನ ಬಾಯಿ ಮೂಸಿಸಿ, ವಾಸನೆ ಬಂದದ್ದು ಹೌದೆಂದು ಪಂಚನಾಮೆಗೆ ಸಹಿ ಹಾಕಿಸುವುದು ಪದ್ಧತಿ. ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದವರೂ ಅವರೇ. ಅವತ್ತು ಕರೆದದ್ದು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನವರನ್ನು ಮತ್ತು ಅರಿವೆ ಅಂಗಡಿಯವರನ್ನು. ಇಬ್ಬರೂ ದಿನಾ ನಮ್ಮವರ ಬಸ್ಸಿನಲ್ಲಿ ಸಾಮಾನು ತರಿಸಿಕೊಳ್ಳುವವರೇ. ಪೇಟೆಯ ಮಧ್ಯೆ, ನೂಕುನುಗ್ಗಲಿನ ನಡುವೆ, ಒಬ್ಬರಾದ ಮೇಲೊಬ್ಬರು ನನ್ನ ಗಂಡನ ಬಾಯಿಯ ಹತ್ತಿರ ಮೂಗು ತಂದು ಮೂಸಿದರು. ನಾನು ಶಾಲೆಯಿಂದ ಬರುತ್ತಿದ್ದವಳು ಆ ಗುಂಪಿನ ಹಿಂದೆ ನಿಂತಿದ್ದೆ. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜೊತೆಗೇ, ಒಳ್ಳೆಯದೇ ಆಯಿತು, ಇನ್ನಾದರೂ ಬುದ್ಧಿ ಬರುತ್ತದೆ ಎಂದೂ ಅನ್ನಿಸಿತು.

ವಕೀಲರ ಹತ್ತಿರ ಹೋದಾಗ ಅವರು ನನಗೆ ಬಿಡಿಸಿ ಹೇಳಿದರು. ಕೇಸು ಎರಡು. ಕುಡಿದದ್ದಕ್ಕೆ ದಾರೂಬಂದಿ ಕಾನೂನಿನಲ್ಲಿ ಜೈಲು ಆಗಬಹುದು. ಕುಡಿದು ಗಾಡಿ ನಡೆಸಿದ್ದಕ್ಕೆ ಮೋಟಾರು ಕಾನೂನಿನಲ್ಲಿ ದಂಡವೋ ಜೈಲೋ ಆಗಿ, ಲೈಸೆನ್ಸನ್ನು ಕೆಲವು ತಿಂಗಳು ಕಿತ್ತಿಟ್ಟುಕೊಳ್ಳಬಹುದು.

“ಜೈಲು ತಪ್ಪಿಸ್ರಿ. ಲೈಸೆನ್ಸ್ ಇಟಗೊಳ್ಳಲಿ. ನನ್ನ ಪಗಾರದಾಗ ಮನಿ ನಡೀತದ” ಎಂದೆ.

ವಕೀಲರು ಕನ್ನಡಕ ತೆಗೆದು ನಕ್ಕರು. “ಎಂತದ್ರೀ ಅಕ್ಕೋರೇ, ಒಂದನ್ನ ಹಿಡ್ಕಂಡು ಇನ್ನೊಂದನ್ನ ಬಿಡೂಕೆ ಇದು ತರಕಾರಿನಾ? ಕುಡೀಲಿಲ್ಲ ಅಂದ್ರೆ ಎರಡೂ ಇಲ್ಲ, ಕುಡಿದ್ರು ಅಂದ್ರೆ ಎರಡೂ ಅದೆ. ನೀವು ಮನೇಲಿ ಆರಾಮಾಗಿರಿ.”

ನಾನು ಮನೆಯಲ್ಲಿ ಇರಲಿಲ್ಲ. ಶಿರಸಿಯ ಕೋರ್ಟಿಗೆ ಹೋಗಿ ಹೊರಗಿನ ಕಿಟಕಿಯ ಹತ್ತಿರ ನಿಂತೆ. ಹೋಟೆಲಿನವರು ಬಂದು, ಅವತ್ತು ತಮಗೆ ವಿಪರೀತ ನೆಗಡಿಯಾಗಿತ್ತು, ಫೌಜದಾರರು ಹೇಳಿದರೆಂದು ಸಹಿ ಹಾಕಿದ್ದು, ವಾಸನೆ ಬಂದಿರಲಿಲ್ಲ ಎಂದರು. ಅರಿವೆ ಅಂಗಡಿಯವರಿಗೂ ಅವತ್ತೇ ನೆಗಡಿಯಾಗಿತ್ತಂತೆ. ಕೋರ್ಟಿನಲ್ಲಿದ್ದವರು ಬಾಯಿಗೆ ಪಂಚೆ ಅಡ್ಡ ಹಿಡಿದು ನಕ್ಕರು. ಬಾಯಿ ಪರೀಕ್ಷೆ ಮಾಡಿದ್ದ ಸರಕಾರಿ ದವಾಖಾನೆಯ ಡಾಕ್ಟರು, ವಾಸನೆಯಿತ್ತು, ಆದರೆ ಮನುಷ್ಯ ನೆಟ್ಟಗೆ ನಡೆದ ಎಂದರು. ಕೊನೆಗೆ ಸಾಹೇಬರು ನಿಂತರು. ಹೊಟ್ಟೆನೋವಿಗೆಂದು ಡ್ರೈವರು ಅರಿಷ್ಟ ಕುಡಿದಿದ್ದರು, ತಾವೇ ಕೈಯಾರೆ ಕೊಟ್ಟದ್ದು, ಗಾಡಿಯ ಎತ್ತು ಬೆದರಿದ್ದೇ ಕಾರಣ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ದನಿ ಅದು, ಪಾಠ ಒಪ್ಪಿಸುವ ಮಕ್ಕಳ ದನಿಯ ಹಾಗೆ ಇತ್ತು. ಅರಿಷ್ಟದಲ್ಲೂ ಅಮಲಿನ ಅಂಶವಿರುತ್ತದೆ, ಅದು ಔಷಧಿ, ಔಷಧಿಗೆ ಬಂದಿಯಿಲ್ಲ. ಸಂಶಯದ ಲಾಭ ಕೊಟ್ಟು ಮ್ಯಾಜಿಸ್ಟ್ರೇಟರು ಬಿಟ್ಟುಬಿಟ್ಟರು.

ಇವತ್ತಿಗೂ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಊರಿನವರು ಸುಳ್ಳರಲ್ಲ. ದಾರೂಬಂದಿ ಅವರಿಗೆ ಅನ್ಯಾಯವಾಗಿ ಕಂಡಿತ್ತು. ಒಂದು ಗುಟುಕು ಕುಡಿದವನನ್ನು ಜೈಲಿಗೆ ಹಾಕುವ ಕಾನೂನಿಗೆ ಸಾಕ್ಷಿ ಹೇಳುವುದು ನೀಚತನವೆಂದು ಎಲ್ಲರಿಗೂ ಅನ್ನಿಸಿತ್ತು. ಆದರೆ ಗುಟುಕಿನ ತಪ್ಪನ್ನೂ ಬಸ್ಸು ನಡೆಸಿದ ತಪ್ಪನ್ನೂ ಒಂದೇ ಗಂಟು ಕಟ್ಟಿ ಹೊಳೆಗೆ ಎಸೆದರು. ಮನೆಯಲ್ಲಿ ಕೂತು ಕುಡಿದವನನ್ನು ಬಿಡಿ, ನನ್ನದೇನೂ ತಕರಾರಿಲ್ಲ. ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಕುಡಿದು ಬಂದವನನ್ನು ಹೇಗೆ ಬಿಟ್ಟಿರಿ? ಇದನ್ನು ಕೇಳಿದರೆ ಜನ, ‘ಅಕ್ಕೋರಿಗೆ ಗಂಡ ಬಿಡುಗಡೆಯಾದದ್ದೇ ಬೇಜಾರು’ ಎಂದು ಆಡಿಕೊಂಡರು. ಬೇಜಾರೇನೂ ಆಗಿರಲಿಲ್ಲ. ಜೈಲು ತಪ್ಪಿತೆಂದು ಕಿಟಕಿಯ ಹೊರಗೆ ನಿಂತು ಕಣ್ಣೀರು ಹಾಕಿದವಳೂ ನಾನೇ. ಆದರೆ ಆ ಕೆಲವು ತಿಂಗಳ ಲೈಸೆನ್ಸಿನ ಶಿಕ್ಷೆ ತಪ್ಪಿತಲ್ಲ ಎಂಬ ಸಂಕಟವೂ ಅವತ್ತೇ ಶುರುವಾಯಿತು. ಇವರು ಕೆಲವು ತಿಂಗಳು ಮನೆಯಲ್ಲಿ ಕೂತಿದ್ದರೆ, ಬಸ್ಸು ತಮ್ಮ ಕಣ್ಣೆದುರು ಬೇರೆಯವರ ಕೈಯಲ್ಲಿ ಹೋಗುವುದನ್ನು ನೋಡಿದ್ದರೆ, ಬಿಟ್ಟೇ ಬಿಡುತ್ತಿದ್ದರು. ಬಸ್ಸಿನ ಮೇಲೆ ಅಷ್ಟು ಆಸೆ ಅವರಿಗೆ.

ಸಿದ್ದಾಪುರದಲ್ಲಿ ಬಸ್ಸಿಗೆ ಹೂವಿನ ಮಾಲೆ ಹಾಕಿ ಇವರನ್ನು ಮೆರವಣಿಗೆಯ ಮದುಮಗನಂತೆ ಇಳಿಸಿದರು. ಸಾಹೇಬರು ಮಿಠಾಯಿ ಹಿಡಿದು ನಮ್ಮ ಮನೆಗೇ ಬಂದರು.

“ಸಾಹೇಬ್ರ, ನೀವು ಕುಡಿಯೂದಿಲ್ಲ. ಸುಳ್ಳೂ ಹೇಳೂದಿಲ್ಲ. ಇವರ ಸಲುವಾಗಿ ಯಾಕ ಹೇಳಿದ್ರಿ?” ಎಂದು ಕೇಳಿದೆ.

ಅವರು ಗಡ್ಡ ನೀವಿಕೊಂಡರು. “ಲೈಸೆನ್ಸ್ ಹೋದ್ರೆ ಡ್ರೈವರಂದು ಕೈ ಹೋದಂಗೆ ಅಕ್ಕೋರೇ. ಕೈ ಹೋಗೂದನ್ನ ನೋಡ್ತಾ ಹೆಂಗೆ ನಿಲ್ಲೂದು?”

ಮಿಠಾಯಿ ತೆಗೆದುಕೊಂಡು ಒಳಗಿಟ್ಟೆ.

ಬಸ್ಸಿನ ಮಾಲೀಕರು ಮಾತ್ರ ಸ್ವಲ್ಪ ಯೋಚನೆ ಮಾಡಿದರು. ತಾಳಗುಪ್ಪದ ದಾರಿ ತಪ್ಪಿಸಿದರೆ ಕುಡಿತವೂ ತಪ್ಪುತ್ತದೆಂದು ಇಬ್ಬರನ್ನೂ ಶಿರಸಿ-ಯಲ್ಲಾಪುರದ ಬಸ್ಸಿಗೆ ಹಾಕಿದರು. ಇವರು ವಾರಕ್ಕೊಮ್ಮೆ ಸಿದ್ದಾಪುರಕ್ಕೆ ಬರುತ್ತಿದ್ದರು. ಬಂದಾಗ ಬಾಯಿ ಸ್ವಚ್ಛ, ಕಣ್ಣು ಸ್ವಚ್ಛ. ನಾನು ನಂಬಿದೆ. ಯಲ್ಲಾಪುರದ ಕಾಡಿನೊಳಗೆ ಕಳ್ಳಭಟ್ಟಿ ಇಳಿಸುತ್ತಾರೆ, ಅದು ಅಂಗಡಿಯ ಸಾರಾಯಿಗಿಂತ ಉಗ್ರ ಎಂಬುದೆಲ್ಲ ಪಾಠ ಹೇಳುವ ಹೆಂಗಸಿಗೆ ಹೇಗೆ ತಿಳಿಯಬೇಕು? ಸಾಹೇಬರಿಗೆ ತಿಳಿದಿತ್ತು. ಅಲ್ಲೂ ಎಂಜಿನ್ ಬಿಸಿಯಾಗುತ್ತಿತ್ತು, ಅಲ್ಲಿನ ಜನರೂ ಕಾಯುವುದನ್ನು ಕಲಿತಿದ್ದರು.

ಒಂದು ರಜೆಯಲ್ಲಿ ಮಾಗೋಡು ಜಲಪಾತ ತೋರಿಸುತ್ತೇನೆಂದು ಇವರೇ ನನ್ನನ್ನು ಕರೆದರು. ಮದುವೆಯಾದಾಗಿನಿಂದ ನಾನು ಇವರ ಜೊತೆ ತಿರುಗಾಡಲು ಎಲ್ಲಿಗೂ ಹೋದವಳಲ್ಲ. ಹೊಸ ಸೀರೆ ಉಟ್ಟು, ಅವಲಕ್ಕಿ ಕಟ್ಟಿಕೊಂಡು, ಶಿರಸಿಯಲ್ಲಿ ಬಸ್ಸು ಹತ್ತಿ ಅವರ ಹಿಂದಿನ ಸೀಟಿನಲ್ಲೇ ಕೂತೆ. ದಾರಿಯುದ್ದಕ್ಕೂ ಅವರ ಕುತ್ತಿಗೆ, ಅವರ ಟೊಪ್ಪಿಗೆ, ಗೇರು ಹಾಕುವ ಕೈ ನೋಡುತ್ತ ಬಂದೆ. ತಿರುವುಗಳಲ್ಲಿ ಎಷ್ಟು ಚೆನ್ನಾಗಿ ಬಸ್ಸು ನಡೆಸುತ್ತಿದ್ದರು! ನನಗೆ ಜಂಬ ಬಂದಿತ್ತು, ಪಕ್ಕದಲ್ಲಿದ್ದ ಹೆಂಗಸಿಗೆ ಇವರೇ ನಮ್ಮವರು ಎಂದು ಹೇಳಿಕೊಂಡೆ.

ಯಲ್ಲಾಪುರದಲ್ಲಿ ಜನ ಇಳಿದ ಮೇಲೆ ಇವರು ಚಹಾ ಕುಡಿದು ಬರುತ್ತೇನೆಂದು ಹೋದರು. ಬರುವುದು ತಡವಾಯಿತು. ಬಂದು ಸ್ಟೇರಿಂಗಿನ ಮುಂದೆ ಕೂತಾಗ ಕವಳದ ಘಮದ ಹಿಂದೆ ಇನ್ನೊಂದು ವಾಸನೆ ಬಂತು.

“ಕುಡದೀರಿ. ಇಳೀರಿ ಕೆಳಗ” ಎಂದೆ.

“ಬಸ್ ಹಿಂದಕ ತಗೊಂಡು ನೆರಳಿಗೆ ಹಚ್ಚತೇನಿ, ಅಷ್ಟ. ಆಮ್ಯಾಲ ಮಾಗೋಡಕ್ಕ ಬ್ಯಾರೆ ಗಾಡಿ ಹೇಳೇನಿ. ಸುಮ್ಮನ ಕೂಡು” ಎಂದು ನಕ್ಕರು.

ಹಿಂದೆ ಒಂದು ದೊಡ್ಡ ಮಾವಿನ ಮರವಿತ್ತು. ಸಾಹೇಬರು ಮರಕ್ಕೂ ಬಸ್ಸಿಗೂ ನಡುವೆ ನಿಂತು ಎಂದಿನಂತೆ ಮೆಲ್ಲಗೆ ತಟ್ಟತೊಡಗಿದರು. ಬಸ್ಸು ಹಿಂದಕ್ಕೆ ಸರಿಯಿತು. ಖಾಲಿ ಬಸ್ಸಿನಲ್ಲಿ ಆ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು. ಒಂದು ಏಟು ಜೋರಾಗಿ ಬಿತ್ತು. ಬಸ್ಸು ನಿಲ್ಲಲಿಲ್ಲ. ನಾನು ಇವರ ಹೆಗಲನ್ನು ಹಿಡಿದು ಎಳೆದೆ. ಇನ್ನೊಂದು ಏಟು ಬಿತ್ತು, ಅದರ ಹಿಂದೆಯೇ ಕೂಗು. ಆಗ ಬ್ರೇಕು ಬಿತ್ತು.

ಸಾಹೇಬರ ಬಲಗಾಲು ಮೊಣಕಾಲಿನ ಕೆಳಗೆ ಮರದ ಬುಡಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಕಟ್ಟಿಗೆಯ ಲಾರಿಯವರು ಅವರನ್ನು ಎತ್ತಿ ದವಾಖಾನೆಗೆ ತಂದರು. ನನ್ನ ಹೊಸ ಸೀರೆಯ ಸೆರಗನ್ನೇ ಹರಿದು ಕಟ್ಟಿದೆವು. ಹುಬ್ಬಳ್ಳಿಗೆ ಒಯ್ಯಲು ಗಾಡಿ ನೋಡುತ್ತಿದ್ದಾಗ ಅಲ್ಲಿನ ಫೌಜದಾರರು ಬಂದರು. ಅವರ ಹಿಂದೆಯೇ ಇಬ್ಬರು ಪಂಚರು. ಯಾವ ಊರಾದರೇನು, ಪಂಚರು ಪಂಚರೇ. ಒಬ್ಬರು ನಮ್ಮವರ ಬಾಯಿಯ ಹತ್ತಿರ ಬಗ್ಗಿ, “ಕವಳದ್ದೇ ವಾಸನೆ, ಬೇರೆ ಎಂತದೂ ಇಲ್ಲೆ” ಎಂದರು. ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು.

ಬೆಂಚಿನ ಮೇಲೆ ಮಲಗಿದ್ದ ಸಾಹೇಬರು ಕಣ್ಣು ಬಿಟ್ಟರು. ಮಾತಾಡಲು ತ್ರಾಣವಿರಲಿಲ್ಲ, ಆದರೂ ಹೇಳಿದರು. “ನಂದೇ ಕಾಲು ಜಾರ್ತು ಫೌಜದಾರ್ ಸಾಹೇಬ್ರೇ. ಡ್ರೈವರದು ತಪ್ಪಿಲ್ಲ. ಅವರು ಕುಡಿಯೂದಿಲ್ಲ.”

ಇವರು ಗೋಡೆಗೆ ಒರಗಿ ನಿಂತಿದ್ದರು, ಎರಡೂ ಕೈ ಮುಂದೆ ಚಾಚಿಕೊಂಡೇ ಇದ್ದರು. ಯಾರೂ ತೋರಿಸು ಎಂದಿರಲಿಲ್ಲ. ಅವತ್ತು ಆ ಕೈಗಳು ನಡುಗುತ್ತಿದ್ದವು. ನನಗೆ ಅಯ್ಯೋ ಅನ್ನಿಸಿತು. ಆ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಕೆನ್ನೆಗೆ ಬಾರಿಸಬೇಕೆಂದೂ ಅನ್ನಿಸಿತು.

“ಫೌಜದಾರ ಸಾಹೇಬ್ರ, ಇವರು ಕುಡದಾರ. ನಾ ಇವರ ಹೆಂಡತಿ. ನನಗ ನೆಗಡಿ ಆಗಿಲ್ಲ, ನನಗ ವಾಸನಿ ಬರತದ” ಎಂದೆ.

ನನ್ನ ದೊಡ್ಡ ದನಿ ದವಾಖಾನೆಯ ತುಂಬ ಕೇಳಿಸಿತು. ಪಂಚರು ಮತ್ತೊಮ್ಮೆ ಬಗ್ಗಿ ಮೂಸಿದರು. ಹೆಂಡತಿಯೇ ಹೇಳಿದ ಮೇಲೆ ಅವರಿಗೂ ವಾಸನೆ ಬಂತು. ಡಾಕ್ಟರು ಕಣ್ಣು ನೋಡಿದರು, ನಡೆಸಿದರು, ಬರೆದುಕೊಂಡರು. ಸಾಹೇಬರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಮ್ಮವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ.

ಈ ಸಲ ಅರಿಷ್ಟ ಬರಲಿಲ್ಲ. ಕೋರ್ಟಿನಲ್ಲಿ ಇವರು ತಾವೇ ತಪ್ಪೊಪ್ಪಿಕೊಂಡರು. ಜೈಲಾಯಿತು, ಲೈಸೆನ್ಸು ರದ್ದಾಯಿತು. ಹುಬ್ಬಳ್ಳಿಯಲ್ಲಿ ಸಾಹೇಬರ ಕಾಲು ತೆಗೆದರು. ಸಿದ್ದಾಪುರದಲ್ಲಿ ನಾನು ಬೀದಿಗೆ ಬಂದರೆ ಜನ ಮುಖ ತಿರುಗಿಸುತ್ತಿದ್ದರು. ಗಂಡನನ್ನು ಜೈಲಿಗೆ ಕಳಿಸಿದ ಹೆಂಗಸಂತೆ ನಾನು! ನೆಗಡಿಯಾಗಿದ್ದ ಹೋಟೆಲಿನವರು ಕೂಡ ಅದನ್ನೇ ಹೇಳಿದರೆಂದು ಕೇಳಿದಾಗ ಅವರ ಬಾಗಿಲಿಗೆ ಹೋಗಿ ಜಗಳವಾಡಿ ಬಂದೆ. ಜಗಳದಿಂದ ಸಾಹೇಬರ ಕಾಲೇನೂ ಬೆಳೆಯಲಿಲ್ಲ.

ಜೈಲಿನಲ್ಲಿ ನೋಡಲು ಹೋದಾಗ ಇವರು ಕಂಬಿಯ ಆಚೆ ತಲೆ ತಗ್ಗಿಸಿ ಕೂತಿದ್ದರು. “ಯಲ್ಲಾಪುರದಾಗ ನೀ ಅಂದದ್ದನ್ನ ಶಿರಸಿ ಕೋರ್ಟಿನ್ಯಾಗ ಯಾರರೆ ಒಬ್ರು ಅಂದಿದ್ರ…” ಎಂದು ಅರ್ಧಕ್ಕೇ ಬಿಟ್ಟರು. ನಾನು ತಂದಿದ್ದ ಅವಲಕ್ಕಿಯ ಗಂಟನ್ನು ಕಂಬಿಯೊಳಗೆ ತಳ್ಳಿದೆ.

ಬಿಡುಗಡೆಯಾದ ಮೇಲೆ ನಾವು ಶಿರಸಿಗೆ ಬಂದೆವು. ಇವರಿಗೆ ಅಡಿಕೆ ವಖಾರಿಯಲ್ಲಿ ಮೂಟೆ ಹೊಲಿಯುವ ಕೆಲಸ ಸಿಕ್ಕಿತು. ಕುಡಿಯುವುದನ್ನು ಬಿಟ್ಟರು, ಯಾರೂ ಹೇಳಬೇಕಾಗಲಿಲ್ಲ. ಹಾಡುತ್ತಿದ್ದುದನ್ನೂ ಬಿಟ್ಟರು. ಅವರು ಹಾಡುತ್ತಿದ್ದರೆಂಬುದನ್ನು ಇಲ್ಲಿಯವರೆಗೆ ಬರೆಯಲು ಮರೆತೇಬಿಟ್ಟಿದ್ದೆ ನೋಡಿ. ಬಸ್ಸು ನಡೆಸುವಾಗ ಮಾತ್ರ ಹಾಡುತ್ತಿದ್ದರು. ಮಾಗೋಡಿಗೆ ಹೋಗೋಣ ಎಂದು ಮುಂದೆ ಯಾವತ್ತೂ ನಾವಿಬ್ಬರೂ ಮಾತೆತ್ತಲಿಲ್ಲ. ನಾನು ಇವತ್ತಿಗೂ ಅದನ್ನು ನೋಡಿಲ್ಲ.

ಸಾಹೇಬರು ಶಿರಸಿಯ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಗೂಡಂಗಡಿ ಇಟ್ಟುಕೊಂಡರು, ಬೀಡಿ, ಬೆಂಕಿಪೆಟ್ಟಿಗೆ, ಬಾಳೆಹಣ್ಣು. ಮೊದಲು ಇವರಿಗೆ ಅಲ್ಲಿಗೆ ಹೋಗುವ ಧೈರ್ಯವಿರಲಿಲ್ಲ. ಸಾಹೇಬರೇ ಹೇಳಿ ಕಳಿಸಿದರು. ಆಮೇಲೆ ದಿನಾ ಸಂಜೆ ವಖಾರಿಯಿಂದ ನೇರವಾಗಿ ಅಲ್ಲಿಗೆ ಹೋಗಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದರು. ಸಾಹೇಬರು ತಮ್ಮ ಕವಳದ ಸಂಚಿಯನ್ನು ಇವರ ಕಡೆ ತಳ್ಳುತ್ತಿದ್ದರು.

ಒಂದು ಸಂಜೆ ನಾನು ತರಕಾರಿ ಕೊಂಡು ಅವರನ್ನು ಕರೆಯಲು ಹೋದೆ. ಯಾವುದೋ ಬಸ್ಸು ಹಿಂದಕ್ಕೆ ಬಂದು ಜಾಗಕ್ಕೆ ನಿಲ್ಲುತ್ತಿತ್ತು. ಅದರ ಕಂಡಕ್ಟರು ಯಾರೊಡನೆಯೋ ಮಾತಾಡುತ್ತ ದೂರ ನಿಂತಿದ್ದ. ಸಾಹೇಬರ ಕೈ ತನ್ನಷ್ಟಕ್ಕೆ ಅಂಗಡಿಯ ಹಲಗೆಯ ಮೇಲೆ ಮೆಲ್ಲಗೆ ತಟ್ಟತೊಡಗಿತು. ಬಸ್ಸು ಗೋಡೆಯ ಹತ್ತಿರ ಬಂದಾಗ ತಟ್ಟುವುದು ನಿಂತಿತು. ಹಲಗೆಯ ಮೇಲೆ ಒಂದು ಏಟು ಜೋರಾಗಿ ಬಿತ್ತು. ಕಲ್ಲಿನ ಮೇಲೆ ಕೂತಿದ್ದ ನನ್ನ ಗಂಡ ತಲೆ ಎತ್ತಲಿಲ್ಲ, ಬಸ್ಸಿನ ಕಡೆ ನೋಡಲೂ ಇಲ್ಲ. ಅವರ ಬಲಗಾಲು ಮಾತ್ರ ಚಪ್ಪಲಿ ಸಮೇತ, ಇದ್ದ ಶಕ್ತಿಯೆಲ್ಲ ಹಾಕಿ, ನೆಲವನ್ನು ಒತ್ತಿ ಹಿಡಿದಿತ್ತು.